ಮೂರು ಕಾಲಿನ ಪಾತ್ರೆಯ ಸಾಕ್ಷಿ: ಗೊತ್ತಿಲ್ಲದ ಬರಹವನ್ನು ಎಐ ಓದಬಲ್ಲದೇ?

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಹಳೇ ಊರಿನ ಕಸದ ಗುಡ್ಡೆಗಳಿವೆ. ನೂರಿಪ್ಪತ್ತು ವರ್ಷಗಳ ಹಿಂದೆ ಅವನ್ನು ಅಗೆದಾಗ ರಾಶಿ ರಾಶಿ ಪಪೈರಸ್ ಹಾಳೆಗಳು ಸಿಕ್ಕವು. ಅದರಲ್ಲಿ ಒಂದು ಗ್ರೀಕ್ ಪ್ರಹಸನವೂ ಇತ್ತು. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನೊಬ್ಬನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ಬಂದು, ರಾಜನಿಗೆ ಚೆನ್ನಾಗಿ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಇದರಲ್ಲಿ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಕ್ಷರದಲ್ಲೇ ಇದೆ, ಆದರೆ ಅದು ಗ್ರೀಕ್ ಅಲ್ಲ.

1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಷ್ ಇದು ಕನ್ನಡ ಇರಬಹುದು ಅಂದರು. ಒಂದು ಕಡೆ ಅವರಿಗೆ ಕೇಳಿಸಿದ್ದು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ'. ಕುಡಿತದ ಸನ್ನಿವೇಶಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ? ಆಮೇಲೆ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಇನ್ನಷ್ಟು ಸಾಲುಗಳನ್ನು ಕನ್ನಡವಾಗಿ ಓದಿದರು. ಮಂಜೇಶ್ವರದ ಗೋವಿಂದ ಪೈಗಳು ಕಥೆ ನಡೆದ ಜಾಗವನ್ನು ನಮ್ಮ ಉಡುಪಿಯ ಕಡಲತೀರಕ್ಕೇ ತಂದರು. ಮುಂದೆ ಬಂದ ಕೆಲವರು, ಅಲ್ಲ, ಇದು ತುಳು ಅಂದರು. ಇನ್ನು ಕೆಲವರು, ನೋಡುವವರನ್ನು ನಗಿಸಲು ಸುಮ್ನೆ ಕಟ್ಟಿದ ಸದ್ದುಗಳು ಅಂದರು. ಜಗಳ ಇನ್ನೂ ತೀರಿಲ್ಲ.

ಇದು ಕನ್ನಡವೇ ಆಗಿರಲಿ ಅಂತ ನನಗೂ ಆಸೆ. ಆದರೆ ಆಸೆಯ ಮೇಲೆ ಓದಿದರೆ ಕಷ್ಟ. ಪದ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಾವೇ ತೀರ್ಮಾನಿಸಬೇಕು. ಬರೆದವನು ಎಲ್ಲಿ ತಪ್ಪು ಕೇಳಿಸಿಕೊಂಡ ಎಂಬುದನ್ನೂ ನಾವೇ ಊಹಿಸಬೇಕು. ಇಷ್ಟು ಸ್ವಾತಂತ್ರ್ಯ ಇದ್ದರೆ ಕನ್ನಡದ ಕಿವಿಗೆ ಕನ್ನಡ ಕೇಳುತ್ತದೆ, ತುಳುವಿನ ಕಿವಿಗೆ ತುಳು. ಗೊತ್ತಿಲ್ಲದ ಬರಹದಲ್ಲಿ ಒಂದು ಅರ್ಥ ಹುಡುಕುವುದು ಅಷ್ಟು ಕಷ್ಟವಲ್ಲ. ಅದೇ ಸರಿ ಅಂತ ಇನ್ನೊಬ್ಬರಿಗೆ ತೋರಿಸುವುದೇ ಕಷ್ಟ. ಈ ಕೆಲಸಕ್ಕೆ ಈಗ ಎಐ ಬಂದಿದೆ. ಅದು ಏನು ಮಾಡಿದೆ, ಏನು ಮಾಡಿಲ್ಲ ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1900ರಲ್ಲಿ ಆರ್ಥರ್ ಇವಾನ್ಸ್ ಕ್ರೀಟ್ ದ್ವೀಪದ ಕ್ನೋಸಸ್‌ನಲ್ಲಿ ಅಗೆತ ಶುರು ಮಾಡಿದಾಗ ಬರಹವಿದ್ದ ಮಣ್ಣಿನ ಹಲಗೆಗಳು ಸಿಕ್ಕವು. ಅದರ ಎರಡು ಲಿಪಿಗಳಿಗೆ ಲೀನಿಯರ್ ಎ, ಲೀನಿಯರ್ ಬಿ ಎಂದು ಹೆಸರಾಯಿತು. ಐವತ್ತು ವರ್ಷ ಯಾರಿಗೂ ಬಿ ಲಿಪಿಯ ಗುಟ್ಟು ಸಿಗಲಿಲ್ಲ. ಅದರ ಬೀಗವನ್ನು ಸಡಿಲಿಸಿದವರು ಅಮೆರಿಕದ ಬ್ರೂಕ್ಲಿನ್ ಕಾಲೇಜಿನ ಅಧ್ಯಾಪಕಿ ಆಲಿಸ್ ಕೋಬರ್. ಯುದ್ಧದ ಕಾಲ, ಕಾಗದಕ್ಕೆ ಬರ. ಹಳೇ ಶುಭಾಶಯ ಪತ್ರ, ಪರೀಕ್ಷಾ ಪುಸ್ತಕದ ರಟ್ಟು, ಚರ್ಚಿನ ಕರಪತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಚೀಟಿ ಮಾಡಿಕೊಂಡರು. ಸುಮಾರು 1,80,000 ಚೀಟಿಗಳು! ಅವನ್ನು ಸಿಗರೇಟು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಯಾವ ಗುರುತಿನ ಪಕ್ಕ ಯಾವುದು, ಎಷ್ಟು ಸಲ, ಪದದ ಯಾವ ಜಾಗದಲ್ಲಿ ಬರುತ್ತದೆ, ಎಲ್ಲ ಲೆಕ್ಕ. ಇವತ್ತು ಕಂಪ್ಯೂಟರ್ ಮಾಡುವ ಎಣಿಕೆಯನ್ನು ಅವರು ಕೈಯಲ್ಲೇ ಮಾಡುತ್ತಿದ್ದರು.

ಅವರು ಕಂಡುಕೊಂಡ ದಾರಿ ನಮಗೆ ತುಂಬಾ ಸುಲಭವಾಗಿ ಅರ್ಥವಾಗುತ್ತದೆ. 'ಊರು', 'ಊರಿಗೆ' ಎಂಬ ಎರಡು ಪದ ತಗೊಳ್ಳಿ. 'ಕಾಲು', 'ಕಾಲಿಗೆ' ಅಂತ ಇನ್ನೆರಡು. ನಮಗೆ ಕನ್ನಡವೇ ಬರುವುದಿಲ್ಲ, ರು, ರಿ, ಲು, ಲಿ ಎಂಬುವು ಒಂದಕ್ಕೊಂದು ಹೋಲದ ನಾಲ್ಕು ಚಿತ್ರಗಳು ಅಂದುಕೊಳ್ಳೋಣ. ಆಗಲೂ ಪದದ ಕೊನೆ ಬದಲಾಗುವ ರೀತಿ ನೋಡಿದರೆ ಒಂದು ಸುಳಿವು ಸಿಗುತ್ತದೆ. ರು ಮತ್ತು ರಿ ಒಂದೇ ವ್ಯಂಜನದ ಮಕ್ಕಳಿರಬೇಕು. ಲು ಮತ್ತು ಲಿ ಇನ್ನೊಂದರ ಮಕ್ಕಳು. ರು ಮತ್ತು ಲು ಒಂದೇ ಸ್ವರ, ರಿ ಮತ್ತು ಲಿ ಇನ್ನೊಂದು ಸ್ವರ. ಒಂದು ಗುರುತಿನ ಸದ್ದೂ ಗೊತ್ತಿಲ್ಲದೆ ಕಾಗುಣಿತದ ಪಟ್ಟಿ ಕಟ್ಟಬಹುದು! ಕೋಬರ್ ಅದನ್ನೇ ಶುರು ಮಾಡಿದರು. ಲಿಪಿ ಬಿಡಿಸಿದ್ದನ್ನು ನೋಡಲು ಅವರು ಉಳಿಯಲಿಲ್ಲ. 1950ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು.

ಆ ಪಟ್ಟಿಯನ್ನು ಬೆಳೆಸಿದವರು ಮೈಕೆಲ್ ವೆಂಟ್ರಿಸ್, ಕಟ್ಟಡದ ನಕ್ಷೆ ಬರೆಯುವ ವಾಸ್ತುಶಿಲ್ಪಿ. ಪದೇಪದೇ ಬರುವ ಕೆಲವು ಪದಗಳು ಕ್ರೀಟ್‌ನ ಊರುಗಳ ಹೆಸರಿರಬಹುದೇ ಅಂತ ಅವರಿಗೆ ಅನ್ನಿಸಿತು. 'ಕೊ-ನೊ-ಸೊ' ಅಂದರೆ ಕ್ನೋಸಸ್, 'ಅ-ಮಿ-ನಿ-ಸೊ' ಅಂದರೆ ಅಮ್ನಿಸಸ್. ಆ ಸದ್ದುಗಳನ್ನು ಪಟ್ಟಿಗೆ ತುಂಬಿದರೆ ಉಳಿದ ಪದಗಳೂ ಬಾಯಿಬಿಟ್ಟವು. ಅದು ಹಳೇ ಗ್ರೀಕ್. ಜುಲೈ 1952ರಲ್ಲಿ ಬಿಬಿಸಿ ರೇಡಿಯೋದಲ್ಲಿ ಹೇಳಿದರು. ಎಲ್ಲರೂ ಒಪ್ಪಲಿಲ್ಲ. ಹುಡುಕಿದವರಿಗೆ ಬೇಕಾದದ್ದು ಸಿಗುತ್ತದೆ ಎಂಬ ಅನುಮಾನ ಅಲ್ಲೂ ಇತ್ತು.

ಆ ಅನುಮಾನ ತೀರಿಸಿದ್ದು ಒಂದು ಪಾತ್ರೆ. ಗ್ರೀಸಿನ ಪೈಲಾಸ್‌ನಲ್ಲಿ ಅಗೆಯುತ್ತಿದ್ದ ಕಾರ್ಲ್ ಬ್ಲೆಗೆನ್, ವೆಂಟ್ರಿಸ್ ನೋಡಿಯೇ ಇರದ ಒಂದು ಹಲಗೆಗೆ ಅವರ ಪಟ್ಟಿಯನ್ನು ಹಚ್ಚಿದರು. 'ತಿ-ರಿ-ಪೊ-ದೆ' ಎಂದು ಬಂತು. ಅದೇ ಸಾಲಿನಲ್ಲಿ ಮೂರು ಕಾಲಿನ ಪಾತ್ರೆಯ ಚಿತ್ರ! ಟ್ರೈಪಾಡ್, ಮೂರು ಕಾಲಿನದು. ಇನ್ನೊಂದು ಕಡೆ 'ನಾಲ್ಕು ಕಿವಿಯದು' ಎಂಬ ಪದ, ಪಕ್ಕದಲ್ಲಿ ನಾಲ್ಕು ಹಿಡಿಯ ಪಾತ್ರೆ. ಮತ್ತೊಂದು ಕಡೆ 'ಕಿವಿ ಇಲ್ಲದ್ದು', ಅಲ್ಲಿ ಹಿಡಿಯೇ ಇಲ್ಲ. ಊಹೆ ಮಾಡುವಾಗ ಕೈಯಲ್ಲಿ ಇಲ್ಲದಿದ್ದ ಸಾಕ್ಷಿ ಬಂದು ಊಹೆಗೆ ಹೌದು ಅಂದಿತು. ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು.

ಆದರೆ ಲೀನಿಯರ್ ಎ? ಅದರ ಎಷ್ಟೋ ಗುರುತುಗಳು ಬಿ ಲಿಪಿಯವೇ. ಹಾಗಾಗಿ ಸದ್ದು ಹೊರಡಿಸಿ ಸುಮಾರಾಗಿ ಓದಬಹುದು, ಅರ್ಥ ಮಾತ್ರ ಆಗುವುದಿಲ್ಲ. ಕೊಂಕಣಿ ಬಾರದವರು ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕವನ್ನು ಓದಿದ ಹಾಗೆ. ಕೊಂಕಣಿಯಾದರೆ ಪಕ್ಕದ ಮನೆಯವರನ್ನು ಕೇಳಬಹುದು. ಲೀನಿಯರ್ ಎ ಭಾಷೆ ಆಡುವ ಪಕ್ಕದ ಮನೆಯವರು ಯಾರೂ ಉಳಿದಿಲ್ಲ.

ಕಂಪ್ಯೂಟರ್ ಈ ಕೆಲಸಕ್ಕೆ ಬಂದದ್ದು ಈಚೆಗೇನಲ್ಲ. 1960ರ ದಶಕದಲ್ಲೇ ಸೋವಿಯತ್ ರಷ್ಯಾದ ಯೂರಿ ಕ್ನೊರೊಜೊವ್ ತಂಡ, ಫಿನ್‌ಲೆಂಡಿನ ಆಸ್ಕೊ ಪಾರ್ಪೊಲ ತಂಡ, ಎರಡೂ ಸಿಂಧೂ ಲಿಪಿಯನ್ನು ಕಂಪ್ಯೂಟರಿಗೆ ಹಾಕಿದವು. ಗುರುತುಗಳ ಸಾಲು ನೋಡಿದರೆ ದ್ರಾವಿಡ ಭಾಷೆಯ ನಡೆ ಕಾಣುತ್ತದೆ ಎಂದು ಎರಡೂ ಹೇಳಿದವು. 1977ರಲ್ಲಿ ಐರಾವತಂ ಮಹಾದೇವನ್ ಕಂಪ್ಯೂಟರ್ ನೆರವಿನಿಂದ ಸಿಂಧೂ ಬರಹಗಳ ಅಕಾರಾದಿಯನ್ನು ತಂದರು. ಅದರಲ್ಲಿ 417 ಗುರುತುಗಳಿವೆ. ಇವತ್ತಿಗೂ ಸಂಶೋಧಕರು ಅದನ್ನು ಬಿಟ್ಟು ಮುಂದೆ ಹೋಗಲಾರರು.

ಯಂತ್ರಕ್ಕೆ ಒಳ್ಳೇ ಗೆಲುವು ಸಿಕ್ಕಿದ್ದು ಉಗಾರಿಟಿಕ್‌ನಲ್ಲಿ. ಸಿರಿಯಾದ ಈ ಹಳೇ ಭಾಷೆಯನ್ನು ವಿದ್ವಾಂಸರು 1930ರ ಹೊತ್ತಿಗೇ ಬಿಡಿಸಿದ್ದರು. 2010ರಲ್ಲಿ ಬೆನ್ ಸ್ನೈಡರ್, ಎಂಐಟಿಯ ರೆಜಿನಾ ಬಾರ್ಜಿಲೇ ಮತ್ತು ಕೆವಿನ್ ನೈಟ್, ಉತ್ತರ ಹೇಳಿಕೊಡದೆ, ಅದರ ನಂಟ ಭಾಷೆಯಾದ ಹೀಬ್ರೂವನ್ನು ಮಾತ್ರ ಕೊಟ್ಟು ಕಂಪ್ಯೂಟರಿಗೆ ಬಿಟ್ಟರು. 30 ಅಕ್ಷರಗಳಲ್ಲಿ 29ನ್ನು ಅದು ಸರಿಯಾಗಿ ಹೊಂದಿಸಿತು. ಹೇಗೆ? ನಂಟು ಇರುವ ಭಾಷೆಗಳಲ್ಲಿ ಸದ್ದು ಬದಲಾದರೂ ಒಂದು ಕ್ರಮದಲ್ಲೇ ಬದಲಾಗುತ್ತದೆ. ತಮಿಳಿನ ಪಾಲ್ ನಮ್ಮಲ್ಲಿ ಹಾಲು. ಪುಲಿ ಹುಲಿ. ಪಲ್ ಹಲ್ಲು. ಪೂ ಹೂ. ಕನ್ನಡ ಅಳಿದುಹೋಗಿ ತಮಿಳು ಮಾತ್ರ ಉಳಿದಿದ್ದರೂ ಈ ಪ-ಹ ಜಾಡು ಹಿಡಿದು ನಮ್ಮ ಭಾಷೆಯ ಬಾಗಿಲು ತಟ್ಟಬಹುದಿತ್ತು. ಯಂತ್ರ ಹಿಡಿದದ್ದು ಅಂಥದೇ ಜಾಡು. 2019ರಲ್ಲಿ ಬಾರ್ಜಿಲೇ ತಂಡ ನ್ಯೂರಲ್ ನೆಟ್‌ವರ್ಕ್ ಎಂಬ ಬಗೆಯ ಎಐ ಬಳಸಿ ಲೀನಿಯರ್ ಬಿಯನ್ನೂ ಪ್ರಯತ್ನಿಸಿತು. ಗ್ರೀಕ್‌ನಲ್ಲಿ ಜೋಡಿ ಇರುವ ಪದಗಳ ಪೈಕಿ ಶೇ. 67.3ರಷ್ಟಕ್ಕೆ ಸರಿಯಾದ ಜೋಡಿ ಸಿಕ್ಕಿತು. ಎರಡು ಸಲವೂ ಉತ್ತರ ಮೊದಲೇ ಗೊತ್ತಿದ್ದುದರಿಂದಲೇ ಯಂತ್ರ ಎಷ್ಟು ಸರಿ ಅಂತ ಎಣಿಸಲು ಆಯಿತು.

ಉತ್ತರ ಗೊತ್ತಿಲ್ಲದಿದ್ದರೆ? ವಾಯ್ನಿಚ್ ಹಸ್ತಪ್ರತಿ ನೋಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕೀ ಗ್ರಂಥಾಲಯದಲ್ಲಿದೆ. ಚರ್ಮದ ಹಾಳೆಗಳು 15ನೇ ಶತಮಾನದ ಮೊದಲ ಭಾಗದವು. ಯಾರೂ ಕಂಡಿರದ ಗಿಡಗಳು, ಕೊಳದಲ್ಲಿ ಮೀಯುವ ಹೆಂಗಸರು, ಯಾರೂ ಓದಲಾರದ ದುಂಡು ಅಕ್ಷರಗಳು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕೊಂಡ್ರಾಕ್ ಮತ್ತು ಬ್ರ್ಯಾಡ್ಲಿ ಹಾವರ್, ಮಾನವ ಹಕ್ಕುಗಳ ಘೋಷಣೆಯ 380 ಭಾಷೆಗಳ ಪಠ್ಯಗಳಿಂದ ಭಾಷೆ ಗುರುತಿಸುವ ವಿಧಾನವನ್ನು ಪರೀಕ್ಷಿಸಿ, ಅದನ್ನು ಇದಕ್ಕೆ ಹಚ್ಚಿದರು. ಯಂತ್ರ ಹೀಬ್ರೂ ಅಂದಿತು. 2018ರ ಜನವರಿಯಲ್ಲಿ ಅದು ಜಗತ್ತಿನ ತುಂಬಾ ಸುದ್ದಿಯಾಯಿತು. ಆದರೆ ಸಿಕ್ಕ ಮೊದಲ ವಾಕ್ಯ ಗೂಗಲ್ ಅನುವಾದಕ್ಕೆ ಹಾಕಿ, ಅಲ್ಲಿ ಇಲ್ಲಿ ತಿದ್ದಿ ಹೊಂದಿಸಿದ್ದು. ಹೀಬ್ರೂ ಬಲ್ಲವರು ಒಪ್ಪಲಿಲ್ಲ. 380ರಲ್ಲಿ ಯಾವುದು ಹತ್ತಿರ ಎಂದು ಕೇಳಿದರೆ ಯಾವುದೋ ಒಂದು ಹತ್ತಿರ ಇದ್ದೇ ಇರುತ್ತದೆ. ಆಕ್ಸಿರಿಂಕಸ್‌ನಲ್ಲಿ ನಮ್ಮ ಕಿವಿ ಮಾಡಿದ್ದನ್ನು ಇಲ್ಲಿ ಯಂತ್ರ ಮಾಡಿತು.

ಈಗ ಇಟಲಿಗೆ ಹೋಗೋಣ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಎಂಬ ಊರು ಹೂತುಹೋಯಿತು. ಅಲ್ಲಿನ ಒಂದು ದೊಡ್ಡ ಮನೆಯಲ್ಲಿದ್ದ ನೂರಾರು ಪಪೈರಸ್ ಸುರುಳಿಗಳು ಇದ್ದಿಲಾದವು. 1750ರ ದಶಕದಲ್ಲಿ ಸಿಕ್ಕವು. ಬಿಚ್ಚಲು ಹೋದರೆ ಪುಡಿ. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಇಪ್ಪತ್ತು ವರ್ಷ ಇದರ ಹಿಂದೆ ಬಿದ್ದರು. ಬಿಚ್ಚದೆ ಎಕ್ಸ್‌-ರೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೇ ಪದರ ಬಿಡಿಸುವ ದಾರಿ ಅವರದು. ಆದರೆ ಮಸಿಯೂ ಇಂಗಾಲ, ಸುಟ್ಟ ಹಾಳೆಯೂ ಇಂಗಾಲ. ಸ್ಕ್ಯಾನ್‌ನಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ.

2023ರಲ್ಲಿ ಸ್ಕ್ಯಾನ್‌ಗಳನ್ನು ಎಲ್ಲರಿಗೂ ತೆರೆದು ಬಹುಮಾನ ಇಟ್ಟರು. ಕೇಸಿ ಹ್ಯಾಂಡ್ಮರ್ ಎಂಬವರು ಗಂಟೆಗಟ್ಟಲೆ ಕಣ್ಣಿಟ್ಟು ನೋಡಿ, ಮಸಿ ಇದ್ದ ಕಡೆ ಒಣಗಿದ ಕೆರೆಯ ಮಣ್ಣಿನಂಥ ಸಣ್ಣ ಬಿರುಕು ಇರುವುದನ್ನು ಕಂಡರು. ಮೊದಲು ಕಂಡದ್ದು ಮನುಷ್ಯರ ಕಣ್ಣು! ಲ್ಯೂಕ್ ಫ್ಯಾರಿಟರ್ ಎಂಬ ವಿದ್ಯಾರ್ಥಿ ಆ ಬಿರುಕು ಹುಡುಕಲು ಎಐಗೆ ಕಲಿಸಿದ. ಒಂದು ಪದ ಎದ್ದು ಬಂತು. ಗ್ರೀಕ್‌ನ 'ಪೊರ್ಫಿರಾಸ್', ನೇರಳೆ. ಯೂಸೆಫ್ ನಾದೆರ್ ಎಂಬವರು ಬೇರೆಯದೇ ಮಾದರಿ ಕಟ್ಟಿದ್ದರು. ಅವರಿಗೂ ಅದೇ ಜಾಗದಲ್ಲಿ ಅದೇ ಪದ. 2024ರ ಫೆಬ್ರವರಿಯಲ್ಲಿ ಇವರಿಬ್ಬರಿಗೂ ಜೂಲಿಯನ್ ಶಿಲ್ಲಿಗರ್‌ಗೂ ಸೇರಿ 7 ಲಕ್ಷ ಡಾಲರ್ ಬಹುಮಾನ ಬಂತು. 2,000ಕ್ಕೂ ಜಾಸ್ತಿ ಅಕ್ಷರಗಳು ಓದಲು ಸಿಕ್ಕಿದ್ದವು. ಸುಖ ಎಂದರೇನು, ಕಡಿಮೆ ಸಿಗುವ ವಸ್ತು ಜಾಸ್ತಿ ಸುಖ ಕೊಡುತ್ತದೆಯೇ ಎಂಬ ತತ್ವದ ಮಾತು ಅದರಲ್ಲಿದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಎಐಗೆ ಗ್ರೀಕ್ ಬರುತ್ತಿರಲಿಲ್ಲ. ಒಂದೊಂದು ಸಲಕ್ಕೆ ಅದಕ್ಕೆ ತೋರಿಸಿದ್ದು ಅಕ್ಷರಕ್ಕಿಂತ ಚಿಕ್ಕ ತುಣುಕು. 'ಇಲ್ಲಿ ಮಸಿ ಇದೆಯೇ' ಎಂಬುದಷ್ಟೇ ಪ್ರಶ್ನೆ. ಅಕ್ಷರ ಯಾವುದು ಅಂತ ಊಹಿಸಿ ಬರೆಯಲು ಅದಕ್ಕೆ ಅವಕಾಶವೇ ಇರಲಿಲ್ಲ. ಓದಿದ್ದು ಪಪೈರಸ್ ತಜ್ಞರು. ಹಾಗಾಗಿಯೇ ಈ ಕೆಲಸವನ್ನು ನಾನು ತುಂಬಾ ನಂಬುತ್ತೇನೆ.

ಶಾಸನಗಳ ವಿಷಯದಲ್ಲೂ ಹೀಗೇ. ಗೂಗಲ್ ಬಳಗದ ಎಐ ಕಂಪನಿ ಡೀಪ್‌ಮೈಂಡ್‌ನ 'ಇಥಾಕಾ' ಎಂಬ ಎಐ 2022ರಲ್ಲಿ ಬಂತು. ಸುಮಾರು 78 ಸಾವಿರ ಗ್ರೀಕ್ ಶಾಸನಗಳಿಂದ ಕಲಿತದ್ದು. ಒಡೆದ ಕಲ್ಲಿನಲ್ಲಿ ಬಿಟ್ಟುಹೋದ ಅಕ್ಷರ ತುಂಬುವಾಗ ಇತಿಹಾಸಕಾರರು ಶೇ. 25 ಸರಿ, ಇಥಾಕಾ ಒಂದೇ ಆದರೆ ಶೇ. 62, ಇಬ್ಬರೂ ಸೇರಿದರೆ ಶೇ. 72. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಊರುಗಳ ವೀರಗಲ್ಲುಗಳು. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಾವಿರಾರು ಶಾಸನಗಳ ಪಾಠವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಸುತ್ತಮುತ್ತಲ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದ ಕಲ್ಲಿನ ಹಳಗನ್ನಡ ತುಂಬಲು ಇಂಥದೊಂದು ಸಾಧನ ನಮಗೂ ಬೇಕು. ಕಲ್ಲು ದಿನದಿನಕ್ಕೂ ಸವೆಯುತ್ತಲೇ ಇದೆ.

ಸಿಂಧೂ ಲಿಪಿಯ ಕಥೆ ಬೇರೆ. 2009ರಲ್ಲಿ ರಾಜೇಶ್ ರಾವ್, ನಿಶಾ ಯಾದವ್, ಮಯಂಕ್ ವಾಹಿಯಾ, ರೊನೊಜಯ್ ಅಧಿಕಾರಿ, ಮಹಾದೇವನ್ ಮೊದಲಾದವರು ಸೇರಿ, ಒಂದು ಗುರುತಿನ ಮುಂದೆ ಯಾವುದು ಬರಬಹುದು ಎಂಬ ಲೆಕ್ಕ ಹಾಕಿದರು. ಗುರುತುಗಳ ಸಾಲು ಪೂರ್ತಿ ಬಿಗಿಯೂ ಅಲ್ಲ, ಪೂರ್ತಿ ಸಡಿಲವೂ ಅಲ್ಲ, ಭಾಷೆಯ ಹಾಗೇ ನಡುವೆ ಇದೆ ಅಂದರು. ಇದು ಲಿಪಿಯೇ ಅಲ್ಲ ಎಂದು 2004ರಲ್ಲಿ ವಾದಿಸಿದ್ದ ತಂಡದ ರಿಚರ್ಡ್ ಸ್ಪ್ರೋಟ್, ಭಾಷೆಯಲ್ಲದ ಗುರುತುಗಳೂ ಹೀಗೇ ಕಾಣಬಲ್ಲವು ಎಂದು ಉತ್ತರಿಸಿದರು. ಒಂದೊಂದು ಮುದ್ರೆಯಲ್ಲಿ ಸರಾಸರಿ ಐದೇ ಗುರುತು. ಮೀನಿನ ಚಿತ್ರವನ್ನು ಪಾರ್ಪೊಲ ದ್ರಾವಿಡದ 'ಮೀನ್' ಎಂದು ಓದಿ, ಅದಕ್ಕೆ ನಕ್ಷತ್ರ ಎಂಬ ಅರ್ಥವೂ ಇದೆ ಎಂದು ತೋರಿಸಿದರು. ಚೆಂದದ ಊಹೆ, ನನಗೆ ಹಿಡಿಸಿದ ಊಹೆ. ಆದರೆ ಅದಕ್ಕೆ ಹೌದು ಅನ್ನುವ ಮೂರು ಕಾಲಿನ ಪಾತ್ರೆ ಇನ್ನೂ ಸಿಕ್ಕಿಲ್ಲ.

2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್, ಈ ಲಿಪಿ ಬಿಡಿಸಿದವರಿಗೆ 10 ಲಕ್ಷ ಡಾಲರ್ ಕೊಡುತ್ತೇವೆ ಎಂದು ಸಾರಿದರು. ಇನ್ನು ಮುಂದೆ ಎಐ ಹಿಡಿದು ಬಿಡಿಸಿದೆವು ಎನ್ನುವವರು ಜಾಸ್ತಿಯಾಗುತ್ತಾರೆ. ಓದಿದ್ದು ಏನು ಅಂತ ಕೇಳುವ ಮೊದಲು, ನೀವು ಯಂತ್ರಕ್ಕೆ ತೋರಿಸದೆ ಎತ್ತಿಟ್ಟ ಮುದ್ರೆ ಯಾವುದು, ಅದನ್ನೂ ಇದೇ ಪಟ್ಟಿ ಓದುತ್ತದೆಯೇ ಅಂತ ಅವರನ್ನು ಕೇಳಬೇಕು.

ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಮೆಸೊಪೊಟೇಮಿಯಾದ ಒಂದು ಪುಟ್ಟ ಉರುಳೆ ಮುದ್ರೆ ಇದೆ. 4 ಸಾವಿರ ವರ್ಷಕ್ಕೂ ಹಿಂದಿನದು. ಬರಹ ಕ್ಯೂನಿಫಾರ್ಮ್, ಅಂದರೆ ನಾವು ಓದಬಲ್ಲದ್ದು. 'ಶು-ಇಲಿಶು, ಮೆಲುಹ್ಹ ಭಾಷೆಯ ದುಭಾಷಿ' ಅಂತ ಅದರಲ್ಲಿದೆ. ಮೆಲುಹ್ಹ ಅಂದರೆ ಸಿಂಧೂ ನಾಡು ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಆ ಮಾತನ್ನೂ ಈ ಮಾತನ್ನೂ ಬಲ್ಲ ಮನುಷ್ಯನೊಬ್ಬ ಇದ್ದ, ಅದೇ ಅವನ ಕಸುಬಾಗಿತ್ತು. ಎರಡೂ ಭಾಷೆ ಒಟ್ಟಿಗಿರುವ ಒಂದೇ ಒಂದು ಹಲಗೆ ಇರಾಕಿನ ಮಣ್ಣಿನಲ್ಲೋ ಗುಜರಾತಿನ ಮಣ್ಣಿನಲ್ಲೋ ಇದ್ದರೆ, ಅದನ್ನು ಇನ್ನೂ ಯಾರೂ ಅಗೆದು ತೆಗೆದಿಲ್ಲ.