ನಿಮ್ಮ ಫೋನು ವೈಫೈಯ ಗುರುತು ಕೇಳುತ್ತದೆಯೇ?

"ಕೆಲಸ ಬಿಟ್ಟು ಆರು ತಿಂಗಳಾದವರ ಫೋನು ಗೇಟಿನ ಹತ್ತಿರ ಬಂದ್ರೂ ಸಾಕು, ನಮ್ಮ ವೈಫೈಗೆ ತಾನೇ ಸೇರಿಕೊಳ್ಳುತ್ತೆ ಸರ್. ಏನ್ ಮಾಡೋದು?"

ಇಂಥ ಕರೆ ನನಗೆ ಆಗಾಗ ಬರುತ್ತದೆ. ಪಾಸ್‌ವರ್ಡ್ ಬದಲಿಸಿ ಅಂದರೆ ಆ ಕಡೆ ಮಾತೇ ಇಲ್ಲ. ಬದಲಿಸಿದರೆ ಇನ್ನೂರು ಜನರ ಲ್ಯಾಪ್‌ಟಾಪು, ಫೋನು, ಪ್ರಿಂಟರು ಎಲ್ಲದಕ್ಕೂ ಮತ್ತೆ ಹಾಕಬೇಕಲ್ಲ!

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಮನೆಗೆ ಸಾಕು. ಹತ್ತಾರು ಜನ ಬಂದು ಹೋಗುವ ಕಡೆ ಸಾಲದು. ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ವಿಧಾನದಲ್ಲಿ ಇನ್ನೊಂದು ತೊಂದರೆಯೂ ಇದೆ. ಪಾಸ್‌ವರ್ಡ್ ಗೊತ್ತಿರುವವರು ಪಕ್ಕದವರ ಸಾಧನ ವೈಫೈಗೆ ಸೇರುವಾಗಿನ ನಾಲ್ಕು ಸಂದೇಶಗಳನ್ನು ಹಿಡಿದಿಟ್ಟುಕೊಂಡರೆ ಆಯಿತು, ಅವರ ಟ್ರಾಫಿಕ್ಕನ್ನು ಬಿಡಿಸಿ ನೋಡಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಕಿಂಡಿಯನ್ನು ಮುಚ್ಚಿತು. ಬಿಟ್ಟುಹೋದವರ ಸಮಸ್ಯೆ ಮಾತ್ರ ಹಾಗೇ ಉಳಿಯಿತು.

ಇದಕ್ಕೆ ಮದ್ದು 802.1ಎಕ್ಸ್ ಎಂಬ ಮಾನದಂಡ. 2001ರಷ್ಟು ಹಳೆಯದು. ಸೆಟ್ಟಿಂಗ್‌ನಲ್ಲಿ 'ಎಂಟರ್‌ಪ್ರೈಸ್' ಎಂದು ಕಾಣುತ್ತದಲ್ಲ, ಅದೇ. ಇಲ್ಲಿ ಪ್ರತಿಯೊಬ್ಬರಿಗೂ ಅವರದೇ ಲಾಗಿನ್. ಆಕ್ಸೆಸ್ ಪಾಯಿಂಟ್‌ಗೆ, ಅಂದರೆ ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಗೆ, ಯಾರ ಪಾಸ್‌ವರ್ಡೂ ಗೊತ್ತಿರುವುದಿಲ್ಲ. ಗೇಟಿನ ವಾಚ್‌ಮನ್ ಒಳಗೆ ಫೋನ್ ಮಾಡಿ 'ಇವರನ್ನು ಬಿಡಲಾ?' ಎಂದು ಕೇಳುತ್ತಾನಲ್ಲ, ಅದರದೂ ಅಷ್ಟೇ ಕೆಲಸ. ಒಳಗೆ ಕೂತು ಹೂಂ, ಊಹೂಂ ಅನ್ನುವುದು ರೇಡಿಯಸ್ ಸರ್ವರ್.

ಜೋಡಿಸುವುದು ಕಷ್ಟವಿಲ್ಲ. ಆಕ್ಸೆಸ್ ಪಾಯಿಂಟ್‌ನಲ್ಲಿ ಸರ್ವರ್‌ನ ವಿಳಾಸ, ಪೋರ್ಟ್ 1812, ಎರಡೂ ಕಡೆ ಒಂದೇ ಇರಬೇಕಾದ ಗುಟ್ಟಿನ ಪದ. ಯಾರು ಯಾವಾಗ ಸೇರಿದರು ಎಂಬ ಲೆಕ್ಕ ಬೇಕಿದ್ದರೆ ಪೋರ್ಟ್ 1813. ಸರ್ವರ್ ಕಡೆ ಪ್ರತಿ ಆಕ್ಸೆಸ್ ಪಾಯಿಂಟ್‌ನ ಐಪಿ ವಿಳಾಸ ದಾಖಲಾಗಿರಬೇಕು. ರೇಡಿಯಸ್ ಸರ್ವರ್‌ಗೆಂದು ಫ್ರೀರೇಡಿಯಸ್ ಎಂಬ ತಂತ್ರಾಂಶ ಹಾಕಿದರೆ ಮಾದರಿ ಫೈಲಿನಲ್ಲಿ 'ಟೆಸ್ಟಿಂಗ್123' ಎಂಬ ಗುಟ್ಟಿನ ಪದ ಇರುತ್ತದೆ. ಅದನ್ನು ಹಾಗೇ ಬಿಟ್ಟು ವರ್ಷಗಟ್ಟಲೆ ಓಡಿಸಿದ ಸರ್ವರ್‌ಗಳನ್ನೂ ನೋಡಿದ್ದೇನೆ!

ತಪ್ಪು ಹುಡುಕುವಾಗ ಒಂದು ಗುರುತು ನೆನಪಿರಲಿ. ಸರ್ವರ್ 'ರಿಜೆಕ್ಟ್' ಎಂದು ಉತ್ತರ ಕೊಟ್ಟರೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಅಥವಾ ಪಾಲಿಸಿ ನೋಡಿ. ಉತ್ತರವೇ ಬರದಿದ್ದರೆ ಬಳಕೆದಾರರನ್ನು ಬೈಯಬೇಡಿ. ಪರಿಚಯವಿಲ್ಲದ ಆಕ್ಸೆಸ್ ಪಾಯಿಂಟ್‌ನಿಂದ ಬಂದ ಕೋರಿಕೆಯನ್ನೂ, ಗುಟ್ಟಿನ ಪದ ಹೊಂದದ ಕೋರಿಕೆಯನ್ನೂ ರೇಡಿಯಸ್ ಸುಮ್ನೆ ಎಸೆದುಬಿಡುತ್ತದೆ. ಹೊಸ ಆಕ್ಸೆಸ್ ಪಾಯಿಂಟ್ ಹಾಕಿ ಸರ್ವರ್‌ಗೆ ಹೇಳಲು ಮರೆತಿದ್ದಾಗ ನಾನೇ ಅರ್ಧ ದಿನ ಫೈರ್‌ವಾಲ್ ಕೆದಕುತ್ತಾ ಕೂತಿದ್ದೆ.

ಇಷ್ಟಾದ ಮೇಲೆ ಲಾಗಿನ್ ಆಗುತ್ತದೆ. ಎಲ್ಲರೂ ಖುಷಿಯಾಗಿ ಎದ್ದು ಹೋಗುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ವೈಫೈ ಬಳಕೆದಾರರ ಗುರುತು ಕೇಳಿತು, ಸರಿ. ಫೋನು ಸರ್ವರ್‌ನ ಗುರುತು ಕೇಳಿತೇ?

ನಿಮ್ಮ ವೈಫೈಯ ಹೆಸರನ್ನೇ ಇಟ್ಟುಕೊಂಡು ಇನ್ನೊಬ್ಬರು ಹೊರಗೆ ಒಂದು ಆಕ್ಸೆಸ್ ಪಾಯಿಂಟ್ ಹಚ್ಚಬಹುದು. ಹೆಸರಿಗೆ ಮಾಲೀಕರಿಲ್ಲ. ಸಿಗ್ನಲ್ ಜೋರಾಗಿದ್ದರೆ ಫೋನು ಅದರ ಕಡೆಗೇ ಹೋಗುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಪೀಪ್ ವಿಧಾನದಲ್ಲಿ ಮೊದಲು ಸರ್ವರ್ ತನ್ನ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿ, ತೋರಿಸಿ ಒಂದು ಭದ್ರ ಸುರಂಗ ಕಟ್ಟುತ್ತದೆ. ಪಾಸ್‌ವರ್ಡಿನ ಪರೀಕ್ಷೆ ಅದರೊಳಗೆ. ಸರ್ಟಿಫಿಕೇಟ್ ಯಾರದೆಂದು ಫೋನು ನೋಡದಿದ್ದರೆ ಸುರಂಗ ಭದ್ರವಾಗಿಯೇ ಇರುತ್ತದೆ, ಆದರೆ ಕಳ್ಳನ ಮನೆಗೆ. ಒಳಗೆ ಪಾಸ್‌ವರ್ಡ್ ಪರೀಕ್ಷಿಸುವ ಎಂಎಸ್‌ಚಾಪ್ ವಿ2 ವಿಧಾನ ಹಳೆಯದು. ಅದರಲ್ಲಿ ಫೋನು ಕೊಟ್ಟ ಉತ್ತರವನ್ನು ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಒಂದೇ ಒಂದು ಕೀಲಿ ಒಡೆಯುವಷ್ಟು ಶ್ರಮಕ್ಕೆ ಇಳಿಸಬಹುದೆಂದು 2012ರಲ್ಲೇ ತೋರಿಸಿದ್ದಾರೆ. ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಅಷ್ಟೇ. ಆ ಪಾಸ್‌ವರ್ಡೇ ಈಮೇಲಿಗೂ ಆಗಿದ್ದರೆ ಹೋಗುವುದು ಬರೀ ವೈಫೈ ಅಲ್ಲ.

ಆಂಡ್ರಾಯ್ಡ್‌ನಲ್ಲಿ 'ಡು ನಾಟ್ ವ್ಯಾಲಿಡೇಟ್', ಅಂದರೆ ಸರ್ಟಿಫಿಕೇಟ್ ಪರಿಶೀಲಿಸಬೇಡ, ಎಂಬ ಆಯ್ಕೆ ಇತ್ತು. ಎಷ್ಟೋ ಐಟಿ ವಿಭಾಗಗಳ ಸೂಚನಾ ಪತ್ರದಲ್ಲಿ ಅದನ್ನೇ ಒತ್ತಿ ಎಂದು ಬರೆದಿರುತ್ತಿದ್ದರು. ಆಂಡ್ರಾಯ್ಡ್ 11ರ ಹೊತ್ತಿಗೆ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಂದ ಅದನ್ನು ತೆಗೆಯಿತು. 'ಹೊಸ ಫೋನಿಗೆ ವೈಫೈ ಬರ್ತಿಲ್ಲ' ಎಂಬ ದೂರು ಶುರುವಾಗಿದ್ದು ಆಗ. ಫೋನು ಸರಿಯಾಗಿಯೇ ಇತ್ತು, ಸೂಚನೆ ತಪ್ಪಿತ್ತು.

ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ತುಂಬಬೇಕಾದ್ದು ಎರಡು. ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಸರ್ಟಿಫಿಕೇಟ್ ಒಂದು, ಡೊಮೇನ್ (ಸರ್ವರ್‌ನ ಹೆಸರು) ಇನ್ನೊಂದು. ಡೊಮೇನ್ ಖಾಲಿ ಬಿಟ್ಟು ಫೋನಿನಲ್ಲೇ ಇರುವ ಸಾರ್ವಜನಿಕ ಸಿಎಗಳನ್ನು ಆರಿಸಿದರೆ, ಯಾವುದೋ ಡೊಮೇನಿಗೆ ನ್ಯಾಯವಾಗಿ ಸರ್ಟಿಫಿಕೇಟ್ ಪಡೆದವರೂ ಒಳಗೆ ಬಂದಂತೆಯೇ. ನನ್ನನ್ನು ಕೇಳಿದರೆ, ಈ ಕೆಲಸಕ್ಕೆ ಸಂಸ್ಥೆಯದೇ ಸ್ವಂತ ಸಿಎ ಇಟ್ಟುಕೊಳ್ಳುವುದು ಒಳ್ಳೆಯದು. ಸಾರ್ವಜನಿಕ ಸರ್ಟಿಫಿಕೇಟುಗಳ ಆಯಸ್ಸು ಕಡಿಮೆಯಾಗುತ್ತಾ ಬಂದಿದೆ. 2029ರ ಹೊತ್ತಿಗೆ ಅದು 47 ದಿನಕ್ಕೆ ಇಳಿಯಲಿದೆ. ಕೈಯಾರೆ ಸೇರಿಸಿದ ಐಫೋನುಗಳಲ್ಲಿ ಸರ್ಟಿಫಿಕೇಟ್ ಬದಲಾದಾಗ 'ಟ್ರಸ್ಟ್' ಒತ್ತಲು ಕೇಳುತ್ತದೆ. ತಿಂಗಳಿಗೊಮ್ಮೆ ಕೇಳಿದರೆ ಜನ ಕಣ್ಣುಮುಚ್ಚಿ ಒತ್ತುವುದನ್ನು ಕಲಿಯುತ್ತಾರೆ, ಅಲ್ವಾ? ಹಾಗಾಗಿ ಇದೆಲ್ಲವನ್ನೂ ಒಂದು ಪ್ರೊಫೈಲ್ ಮಾಡಿ ಫೋನಿಗೆ ಇಳಿಸಿಬಿಡಿ. ಜನರ ಕೈಯಲ್ಲಿ ತುಂಬಿಸಲು ಹೋಗಬೇಡಿ.

ಪಾಸ್‌ವರ್ಡೇ ಬೇಡ ಅನ್ನುವವರಿಗೆ ಈಎಪಿ-ಟಿಎಲ್‌ಎಸ್ ಇದೆ. ಪ್ರತಿ ಸಾಧನಕ್ಕೂ ಒಂದು ಸರ್ಟಿಫಿಕೇಟ್. ಲ್ಯಾಪ್‌ಟಾಪ್ ಕಳೆದರೆ ಅದೊಂದನ್ನೇ ರದ್ದು ಮಾಡಿದರಾಯಿತು. ಒಂದು ಕಡೆ ಒಬ್ಬರ ಖಾತೆ ದಿನಾ ಬೆಳಿಗ್ಗೆ ಲಾಕ್ ಆಗುತ್ತಿತ್ತು. ಯಾರೋ ದಾಳಿ ಮಾಡುತ್ತಿದ್ದಾರೆಂದು ದೊಡ್ಡ ಗುಲ್ಲು. ನೋಡಿದರೆ ಅವರ ಡ್ರಾಯರಿನಲ್ಲಿದ್ದ ಹಳೆಯ ಟ್ಯಾಬ್ಲೆಟ್ಟು, ಹಳೆಯ ಪಾಸ್‌ವರ್ಡ್ ಹಿಡಿದು ಬಿಡದೆ ಬಾಗಿಲು ತಟ್ಟುತ್ತಿತ್ತು. ಟಿಎಲ್‌ಎಸ್‌ನಲ್ಲಿ ಈ ಕಾಟ ಇಲ್ಲ. ಸರ್ಟಿಫಿಕೇಟ್ ಹಂಚುವ ಕೆಲಸ ಮಾತ್ರ ಜಾಸ್ತಿ. ಸಣ್ಣ ಕಚೇರಿಗೆ ಅಷ್ಟು ಮಾಡಲು ಜನ ಇಲ್ಲದಿದ್ದರೆ ಪೀಪ್ ಇರಲಿ, ಆದರೆ ಮೇಲೆ ಹೇಳಿದ ಎರಡೂ ತುಂಬಿರಲಿ.

ಕೆಲಸ ಮುಗಿಸುವ ಮುನ್ನ, ಮಾಲೀಕರ ಒಪ್ಪಿಗೆ ಪಡೆದು, ನಾನು ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ನಕಲಿ ವೈಫೈ ಹಚ್ಚಿ ಹತ್ತು ನಿಮಿಷ ಕೂರುತ್ತೇನೆ. ಲಾಗ್‌ನಲ್ಲಿ 'ಅನ್‌ನೋನ್ ಸಿಎ' ಎಂಬ ಸಾಲು ಬಿದ್ದರೆ ಆ ಫೋನು ನಕಲಿಯನ್ನು ಗುರುತು ಹಿಡಿದು ಹಿಂದೆ ಸರಿದಿದೆ ಎಂದರ್ಥ. ಬಳಕೆದಾರರ ಹೆಸರಿನ ಜೊತೆ ಪಾಸ್‌ವರ್ಡಿನ ಉತ್ತರವೂ ಬಂದು ಬಿದ್ದರೆ, ಆ ಫೋನನ್ನು ಕೈಗೆ ತೆಗೆದುಕೊಂಡು ಸಿಎ, ಡೊಮೇನ್ ಎರಡನ್ನೂ ತುಂಬುತ್ತೇನೆ. ಒಂದು ಕಚೇರಿಯಲ್ಲಿ ಹಾಗೆ ಮೊದಲು ಬಂದು ಬಿದ್ದಿದ್ದು ನನ್ನನ್ನು ಕರೆಸಿದ್ದ ಐಟಿ ಮುಖ್ಯಸ್ಥರದೇ ಫೋನು.