ಕೊಳೆಗೇರಿಯ ಕಸ: ಕೆಲಸ ಹೆಂಗಸರದು, ತೀರ್ಮಾನ ಗಂಡಸರದು

ಬೆಂಗಳೂರಿನ ಕೊಳೆಗೇರಿಗಳಲ್ಲಿ ಕಸ ವಿಂಗಡಣೆ ಯಾಕೆ ಆಗ್ತಿಲ್ಲ ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅಲ್ಲಿನ ಹೆಂಗಸರಿಗೆ ತಿಳಿವಳಿಕೆ ಕೊಡಬೇಕು." ಈ ಬಡಾವಣೆಗಳಲ್ಲೇ ಕಸದ ಕೆಲಸ ಮಾಡುತ್ತಾ ಬಂದಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ.

ಇಲ್ಲಿನ ಎಷ್ಟೋ ಹೆಂಗಸರು ಪಕ್ಕದ ಅಪಾರ್ಟ್‌ಮೆಂಟುಗಳಿಗೆ ಮನೆಗೆಲಸಕ್ಕೆ ಹೋಗುತ್ತಾರೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ತರಲು ಹೇಳಿತಲ್ಲ, ಆ ಮನೆಗಳಲ್ಲಿ ಅದನ್ನು ದಿನಾ ನಡೆಸುತ್ತಿರುವವರು ಇವರೇ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡಯಾಪರು, ಚೀಲಕ್ಕೆ ಒಣ ಕಸ. ನಗರದ ಪೌರಕಾರ್ಮಿಕರಲ್ಲೂ ಹೆಂಗಸರೇ ಜಾಸ್ತಿ. ಇವರಿಗೆ ವಿಂಗಡಣೆಯ ಪಾಠ ಹೇಳಬೇಕಾ?

ಅವರ ಮನೆಯೊಳಗೆ ಬಂದು ನೋಡಿ. ಒಂದೇ ಕೋಣೆ. ಅದರಲ್ಲೇ ಒಲೆ, ನೀರಿನ ಡ್ರಮ್ಮು, ಹಾಸಿಗೆ, ಮಕ್ಕಳ ಪುಸ್ತಕ. ಎರಡು ಬುಟ್ಟಿ, ಒಂದು ಚೀಲ ಇಡೋದು ಎಲ್ಲಿ? ಹೊರಗಿಟ್ಟರೆ ನಾಯಿ, ಹೆಗ್ಗಣ. ಹಾಗಾಗಿ ಬಾಗಿಲ ಪಕ್ಕದ ಮೊಳೆಗೆ ಒಂದು ಕವರು ತೂಗುಹಾಕಿರುತ್ತಾರೆ, ಎಲ್ಲಾ ಅದಕ್ಕೇ.

ಗಲ್ಲಿ ಸಣ್ಣದು, ಕಸ ಒಯ್ಯುವ ಆಟೋ ಟಿಪ್ಪರ್ ಒಳಗೆ ಬರಲ್ಲ. ಬೆಳಿಗ್ಗೆ ಮೇನ್ ರೋಡಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟುಬಿಡುತ್ತದೆ. ಅದೇ ಹೊತ್ತಿಗೆ ನಲ್ಲಿಯಲ್ಲಿ ನೀರು ಬಿಟ್ಟಿರುತ್ತಾರೆ, ಮಕ್ಕಳ ಡಬ್ಬಿ ಕಟ್ಟಬೇಕು, ಅಪಾರ್ಟ್‌ಮೆಂಟಿನ ಗೇಟಿಗೆ ಟೈಮಿಗೆ ಸರಿಯಾಗಿ ಹೋಗಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇಷ್ಟರ ನಡುವೆ ಟಿಪ್ಪರ್ ತಪ್ಪಿದರೆ ಕವರು ಮೋರಿ ಪಕ್ಕಕ್ಕೋ ಖಾಲಿ ಸೈಟಿಗೋ ಹೋಗುತ್ತದೆ. ಅದನ್ನು ಒಯ್ಯುವವಳು ಬಹಳ ಸಲ ಸ್ಕೂಲ್ ಯೂನಿಫಾರಂ ಹಾಕಿಕೊಂಡ ಮಗಳು. ಮಗನಿಗೆ ಆ ಕೆಲಸ ಹೇಳುವುದು ಕಮ್ಮಿ. ಅವನ ಕೈಗೆ ಬರುವುದು ಗುಜರಿ ಅಂಗಡಿಗೆ ಹಾಕುವ ಬಾಟಲಿ, ಕಬ್ಬಿಣದ ಚೂರು. ಅದಕ್ಕೆ ಕಾಸು ಸಿಗುತ್ತದೆ.

ಪ್ಯಾಡಿನ ವಿಷಯ ಇನ್ನೂ ಕಷ್ಟದ್ದು. ಅದನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಡಬೇಕು. ಆದರೆ ಮೇನ್ ರೋಡಲ್ಲಿ, ಟೀ ಅಂಗಡಿ ಮುಂದೆ, ಗಂಡಸು ಡ್ರೈವರ್ ನಿಂತಿರುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಲು ಯಾವ ಹುಡುಗಿಗೂ ಮನಸ್ಸು ಬರಲ್ಲ. ಕತ್ತಲಾದ ಮೇಲೆ ಮೋರಿಗೆ ಎಸೆಯುತ್ತಾರೆ. ಮಳೆಗಾಲದಲ್ಲಿ ಮೋರಿ ಕಟ್ಟಿ ಮನೆಯೊಳಗೆ ನೀರು ನುಗ್ಗುತ್ತದೆ. ಆ ನೀರು ಎತ್ತಿ ಚೆಲ್ಲುವವರೂ ಹೆಂಗಸರೇ.

ಟಿಪ್ಪರ್ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬರಬೇಕು ಅನ್ನುವುದನ್ನು ಇವರನ್ನು ಯಾರೂ ಕೇಳುವುದಿಲ್ಲ. ಕಸದ ಕೆಲಸದ ಉಸ್ತುವಾರಿ ನೋಡುವ ಮೇಸ್ತ್ರಿ ಮತ್ತು ಏರಿಯಾದ ಲೀಡರು ರೋಡಲ್ಲೇ ನಿಂತು ಮಾತಾಡಿ ಮುಗಿಸುತ್ತಾರೆ. ಇಬ್ಬರೂ ಸಾಮಾನ್ಯವಾಗಿ ಗಂಡಸರೇ. ತಿಳಿವಳಿಕೆ ಸಭೆಗೆ ಮಾತ್ರ ಹೆಂಗಸರನ್ನು ಕರೆಯುತ್ತಾರೆ, ಅದೂ ಬೆಳಿಗ್ಗೆ ಹನ್ನೊಂದಕ್ಕೆ, ಅವರು ಕೆಲಸದಲ್ಲಿರುವ ಹೊತ್ತಿಗೆ.

ನನ್ನ ಅನುಭವದಲ್ಲಿ ಫಲ ಕೊಟ್ಟಿದ್ದು ಸಣ್ಣ ಬದಲಾವಣೆಗಳೇ. ಗಲ್ಲಿಯೊಳಗೆ ತಳ್ಳುಗಾಡಿ ಬಂದರೆ, ಅದನ್ನು ತರುವವಳು ಪರಿಚಯದ ಹೆಂಗಸಾಗಿದ್ದರೆ, ಪ್ಯಾಡಿನ ಪೊಟ್ಟಣ ಬೇರೆಯಾಗಿ ಬರತೊಡಗುತ್ತದೆ. ಸಂಜೆ ಇನ್ನೊಂದು ಸುತ್ತು ಇದ್ದರೆ ಖಾಲಿ ಸೈಟಿನ ರಾಶಿ ಕರಗುತ್ತದೆ. ಸಭೆಯನ್ನು ಭಾನುವಾರ ಸಂಜೆ ಇಟ್ಟು, ಗಂಡಸರನ್ನೂ ಕೂರಿಸಿ, ಯಾವ ಮನೆಯಿಂದ ಯಾರು ಕಸ ತರುತ್ತಾರೆ ಅಂತ ಎಲ್ಲರ ಎದುರು ಹೆಸರು ಹಿಡಿದು ಕೇಳಬೇಕು. ಮೊದಲು ನಗುತ್ತಾರೆ. ಆಮೇಲೆ ಒಬ್ಬಿಬ್ಬರು ಒಪ್ಪುತ್ತಾರೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಕೆಟ್ ತಂದುಕೊಡಲು. ಎಲ್ಲರೂ ಒಪ್ಪುವುದಿಲ್ಲ. ಆದರೂ ಟಿಪ್ಪರ್ ಹೊತ್ತನ್ನು ಗೊತ್ತು ಮಾಡುವವರು ಮೊದಲು ನಲ್ಲಿ ಹತ್ತಿರ ಹೋಗಿ, ಬಿಂದಿಗೆ ಹಿಡಿದು ನಿಂತವರನ್ನು ಕೇಳಲಿ. ಅದಕ್ಕೆ ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ.