ತೂಕ ಇಳೀಲಿಲ್ಲ ಅಂತ ವಾಕಿಂಗ್ ಬಿಡಬೇಡಿ

ಒಂದು ತಿಂಗಳು ವಾಕಿಂಗ್ ಮಾಡ್ದೆ, ಅರ್ಧ ಕೆಜಿನೂ ಇಳೀಲಿಲ್ಲ ಅಂತ ಬಿಟ್ಟುಬಿಡೋರು ತುಂಬಾ ಜನ. ತೂಕ ನೋಡಿ ವ್ಯಾಯಾಮನ ಅಳೆಯೋದೇ ತಪ್ಪು ಲೆಕ್ಕ, ಅದರ ಅಸಲಿ ಕೆಲಸ ನಡೆಯೋದು ಸ್ನಾಯುಗಳ ಒಳಗೆ.

ಊಟ ಆದ್ಮೇಲೆ ರಕ್ತಕ್ಕೆ ಸೇರೋ ಸಕ್ಕರೆಯಲ್ಲಿ ದೊಡ್ಡ ಪಾಲು ಹೀರ್ಕೊಳ್ಳೋದು ಸ್ನಾಯುಗಳೇ. ಸುಮ್ನೆ ಕೂತಿದ್ದಾಗ ಇನ್ಸುಲಿನ್ ಬಂದು ಬಾಗಿಲು ತೆಗೀಬೇಕು. ಆ ಬಾಗಿಲು ಗ್ಲುಟ್-4 ಅನ್ನೋ ಪ್ರೋಟೀನು, ಜೀವಕೋಶದ ಒಳಗಡೆ ಇರುತ್ತೆ, ಸಿಗ್ನಲ್ ಸಿಕ್ರೆ ಮೇಲ್ಪದರಕ್ಕೆ ಬಂದು ಸಕ್ಕರೆನ ಒಳಗೆ ಬಿಟ್ಕೊಳ್ಳುತ್ತೆ. ಮಜಾ ಏನಂದ್ರೆ ಸ್ನಾಯು ಕೆಲಸ ಮಾಡ್ತಾ ಇದ್ರೆ ಇನ್ಸುಲಿನ್‌ಗೆ ಕಾಯೋದೇ ಇಲ್ಲ, ತಾನೇ ಗ್ಲುಟ್-4ನ ಮೇಲಕ್ಕೆ ತರುತ್ತೆ, ಹಾಗಾಗಿ ಟೈಪ್ 2 ಡಯಾಬಿಟಿಸ್ ಬಂದು ಇನ್ಸುಲಿನ್ ಮಾತು ಸ್ನಾಯು ಸರಿಯಾಗಿ ಕೇಳದೇ ಇದ್ರೂ ಈ ಎರಡನೇ ದಾರಿ ಮುಚ್ಚಿರಲ್ಲ. ನಡೆದು ಮುಗಿದ ಮೇಲೂ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತೆ, ಆದ್ರೆ ಒಂದೆರಡು ದಿನ ಅಷ್ಟೇ. ಡಾಕ್ಟರ್‌ಗಳು ಬಿಡದೇ ಮಾಡಿ ಅಂತ ಬಡ್ಕೊಳ್ಳೋದು ಇದಕ್ಕೂನೂ, ಹೋದ ವರ್ಷ ಜಿಮ್‌ಗೆ ಹೋಗಿದ್ದು ಈ ವಾರದ ಶುಗರ್‌ಗೆ ಲೆಕ್ಕಕ್ಕಿಲ್ಲ.

ಹಾರ್ಟಿನ ವಿಷಯಕ್ಕೆ ಬಂದ್ರೆ ಲಂಡನ್ ಬಸ್ಸುಗಳ ಕಥೆ ಹೇಳ್ಲೇಬೇಕು. ಜೆರ್ರಿ ಮಾರಿಸ್ ಅನ್ನೋ ವಿಜ್ಞಾನಿ ಅಲ್ಲಿನ ಡ್ರೈವರ್ ಮತ್ತೆ ಕಂಡಕ್ಟರ್‌ಗಳನ್ನ ಹೋಲಿಸಿ ನೋಡಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ್ರು: ದಿನವಿಡೀ ಕೂತಿರೋ ಡ್ರೈವರ್‌ಗಳಿಗಿಂತ ಡಬಲ್ ಡೆಕರ್ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡೋರಿಗೆ ಹೃದಯದ ಕಾಯಿಲೆ ಕಮ್ಮಿ. ಅಲ್ಲ, ದಪ್ಪ ಇರೋರೇ ಡ್ರೈವರ್ ಕೆಲಸಕ್ಕೆ ಸೇರಿದ್ರೆ? ಈ ಡೌಟು ಮಾರಿಸ್‌ಗೂ ಬಂತು, ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಗಳನ್ನ ತರಿಸಿ ನೋಡಿದ್ರು (ಇಂಥ ಐಡಿಯಾ ಹೊಳೆಯೋದೇ ನಿಜವಾದ ವಿಜ್ಞಾನ ಅಂತೀನಿ ನಾನು). ಡ್ರೈವರ್‌ಗಳ ಸೊಂಟ ದಪ್ಪ ಇದ್ದಿದ್ದು ಹೌದು, ಆದ್ರೆ ಒಂದೇ ಸೊಂಟದ ಅಳತೆಯವರನ್ನ ಪಕ್ಕಪಕ್ಕ ಇಟ್ಟು ನೋಡಿದ್ರೂ ಓಡಾಡೋರಿಗೇ ಅಪಾಯ ಕಮ್ಮಿ.

ಎಷ್ಟು ಮಾಡ್ಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಅಂದ್ರೆ ಮಾತಾಡಕ್ಕೆ ಆಗ್ಬೇಕು ಹಾಡಕ್ಕೆ ಆಗ್ಬಾರ್ದು ಅಷ್ಟು ಸ್ಪೀಡು, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ. ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗ್ಲೇಬೇಕು ಅನ್ನೋ ಹಳೇ ರೂಲನ್ನ 2020ರಲ್ಲಿ ತೆಗೆದೇಬಿಟ್ರು, ಬಿಡಿಬಿಡಿಯಾಗಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತೆ. ಏನೂ ಮಾಡದೇ ಇದ್ದೋರು ಸ್ವಲ್ಪ ಶುರು ಮಾಡಿದ್ರೆ ಸಿಗೋ ಲಾಭನೇ ಎಲ್ಲಕ್ಕಿಂತ ದೊಡ್ಡದು. ಇನ್ಸುಲಿನ್ ತಗೊಳ್ಳೋರು ಮಾತ್ರ ಮೊದಲು ಡಾಕ್ಟರ್‌ನ ಕೇಳಿ, ಸ್ನಾಯು ತಾನೂ ಸಕ್ಕರೆ ಎಳ್ಕೊಳ್ಳೋದ್ರಿಂದ ಶುಗರ್ ತೀರಾ ಲೋ ಆಗೋ ಚಾನ್ಸ್ ಇರುತ್ತೆ.